ಹತ್ತು ಗಿಡಗಳ ಪಟ್ಟಿ ಹಿಡಿದು ಲಾಲ್‌ಬಾಗಿಗೆ

ರಜೆಯ ಕೊನೆಯ ದಿನ ಹೇಗಿರುತ್ತದೆ ಎಂದು ಶಾಲೆಗೆ ಹೋಗುವ ಮಕ್ಕಳಿಗೆ ನಾನು ಹೇಳಬೇಕಾಗಿಲ್ಲ. ಹೊಸ ಚೀಲ, ಹೊಸ ಪುಸ್ತಕಕ್ಕೆ ಬೈಂಡು, ಅದರ ಮೇಲೆ ಹೆಸರಿನ ಚೀಟಿ. ಇಷ್ಟರ ನಡುವೆ ಒಂದೂವರೆ ತಿಂಗಳು ಎಲ್ಲೋ ಅಡಗಿ ಕೂತಿದ್ದ ಹೋಂವರ್ಕು ಆ ದಿನವೇ ತಲೆ ಎತ್ತುತ್ತದೆ. ಈ ವರ್ಷ ಮೇ ತಿಂಗಳ ಕೊನೆಯಲ್ಲಿ ಬೆಂಗಳೂರಿನ ಮಗನ ಮನೆಯಲ್ಲಿ ಆದದ್ದೂ ಅದೇ.

ನಾನು ಶಿರಸಿ ತಾಲೂಕಿನ ಹೆಗಡೆಕಟ್ಟಾದವನು. ಅಡಿಕೆ ತೋಟ, ಅದಕ್ಕೆ ಹೊಂದಿಕೊಂಡ ಸೊಪ್ಪಿನ ಬೆಟ್ಟ, ಕೊಟ್ಟಿಗೆಯಲ್ಲಿ ಎರಡು ಆಕಳು. ಎಪ್ಪತ್ಮೂರು ವರ್ಷ ಇವುಗಳ ಜೊತೆಯಲ್ಲೇ ಕಳೆದಿದ್ದೇನೆ. ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಸಿಕ್ಕಿದ ಮಾರನೇ ದಿನವೇ ಮೊಮ್ಮಕ್ಕಳಿಬ್ಬರೂ ಊರಿಗೆ ಬಂದಿಳಿದರು. ಮೊಮ್ಮಗಳು ಇನ್ನು ಆರನೇ ಕ್ಲಾಸು. ಅವಳ ತಮ್ಮ ಎರಡನೇ ಕ್ಲಾಸು. ನಮ್ಮ ಕಡೆಯ ರೂಢಿಯಂತೆ ಅವನನ್ನು ಎಲ್ಲರೂ ಕರೆಯುವುದು 'ಮಾಣಿ' ಎಂದೇ. ಹಲಸಿನ ಹಪ್ಪಳ ಹಚ್ಚುವವರ ನಡುವೆ ಕೂತು ಹಿಟ್ಟು ತಿಂದರು, ಹಳ್ಳದಲ್ಲಿ ಬಿದ್ದರು, ಗೇರುಬೀಜ ಸುಟ್ಟು ಕೈ ಬಾಯಿ ಕಪ್ಪು ಮಾಡಿಕೊಂಡರು. ರಜೆ ಮುಗಿಯಲು ನಾಲ್ಕು ದಿನ ಇರುವಾಗ ಆಕಳುಗಳನ್ನು ತಮ್ಮನ ಮನೆಯವರಿಗೆ ಒಪ್ಪಿಸಿ, ಮಕ್ಕಳನ್ನು ಬಿಟ್ಟುಬರಲು ನಾನೂ ರಾತ್ರಿ ಬಸ್ಸು ಹತ್ತಿದೆ.

ಬೆಂಗಳೂರಿಗೆ ಬಂದ ದಿನವೇ ಮಗ ಮಾತು ತೆಗೆದ. "ಅಪ್ಪಯ್ಯ, ಇನ್ನು ಇಲ್ಲೇ ಇದ್ದುಬಿಡು. ಆಯಿ ಹೋದಮೇಲೆ ಅಷ್ಟು ದೊಡ್ಡ ಮನೆಯಲ್ಲಿ ನೀನು ಒಬ್ಬನೇ. ಮಳೆಗಾಲದಲ್ಲಿ ಅಂಗಳ ಪಾಚಿಗಟ್ಟುತ್ತದೆ, ಕರೆಂಟು ಇರುವುದಿಲ್ಲ, ಫೋನು ಸಿಗುವುದಿಲ್ಲ. ಜಾರಿ ಬಿದ್ದರೆ ನಮಗೆ ಗೊತ್ತಾಗುವುದು ಯಾವಾಗ?" ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ. 'ನೋಡೋಣ' ಎಂದು ಮೂರು ದಿನ ತಳ್ಳಿದೆ. ಕೊನೆಯ ದಿನಕ್ಕೆ ನನ್ನದೂ ಒಂದು ಹೋಂವರ್ಕು ಉಳಿದುಕೊಂಡಿತ್ತು, ಮೊಮ್ಮಗಳದೂ ಒಂದು.

ಅವಳದು ಹೀಗಿತ್ತು: 'ನಮ್ಮ ಊರಿನ ಹತ್ತು ಗಿಡಮರಗಳು.' ಪಟ್ಟಿಯಲ್ಲಿ ಮೂರು ಅಂಕಣ: ಹೆಸರು, ಉಪಯೋಗ, ಮೂಲಸ್ಥಳ. ಮೊದಲ ಎರಡನ್ನು ಅವಳು ಹೆಗಡೆಕಟ್ಟಾದ ಜಗಲಿಯಲ್ಲಿ ಕೂತು ನನ್ನ ಬಾಯಿಂದ ಕೇಳಿ ಬರೆದುಕೊಂಡಿದ್ದಳು. ಅಡಿಕೆ, ಕಾಳುಮೆಣಸು, ಏಲಕ್ಕಿ, ಹಲಸು, ಅಪ್ಪೆಮಿಡಿ, ಮುರುಗಲು, ಗೇರು, ಪೇರಲೆ, ಸೀಮೆಬದನೆ, ವೆನಿಲ್ಲಾ. ಮೂರನೆಯ ಅಂಕಣ ಪೂರ್ತಿ ಖಾಲಿ.

"ಎಲ್ಲದರ ಮುಂದೂ ಹೆಗಡೆಕಟ್ಟಾ ಅಂತ ಬರೆದುಬಿಡಲಾ?" ಎಂದಳು.

"ಬೇಡ ತಂಗಿ. ಲಾಲ್‌ಬಾಗಿನಲ್ಲಿ ಮರಗಳಿಗೆ ಹೆಸರಿನ ಹಲಗೆ ಹಾಕಿರುತ್ತಾರೆ. ಅಲ್ಲಿಗೇ ಹೋಗಿ ಬರೆಯೋಣ" ಎಂದೆ. ಮೂವರೂ ಮೆಟ್ರೋ ಹತ್ತಿ ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿದೆವು.

ಪಾರ್ಕಲ್ಲ, ಪಾಠಶಾಲೆ

ಒಳಗೆ ಹೋಗುವ ಮೊದಲೇ ಮಾಣಿಗೆ ಒಂದು ಖುಷಿಯ ಸುದ್ದಿ ಸಿಕ್ಕಿತು. ಲಾಲ್‌ಬಾಗಿಗೆ ನಾಲ್ಕು ಕಡೆ ಬಾಗಿಲು, ಅದರಲ್ಲಿ ಒಂದಕ್ಕೆ ಸಿದ್ದಾಪುರ ಗೇಟು ಎಂದು ಹೆಸರು. "ನಮ್ಮ ಸಿದ್ದಾಪುರವಾ ಅಜ್ಜ?" ಎಂದು ಕಣ್ಣರಳಿಸಿದ. ನಮ್ಮದಲ್ಲ, ಅದು ಬೆಂಗಳೂರಿನದೇ ಒಂದು ಬಡಾವಣೆ ಎಂದೆ. ಆದರೂ ಆ ಗೇಟಿನಿಂದ ಹೊರಬಿದ್ದರೆ ಅತ್ತೆಯ ಮನೆ ಸಿಗುತ್ತದೆ ಎಂಬ ಅನುಮಾನ ಅವನಿಗೆ ಸಂಜೆಯವರೆಗೂ ಹೋಗಲಿಲ್ಲ.

ಮಕ್ಕಳೇ, ಪಾರ್ಕಿಗೂ ಸಸ್ಯೋದ್ಯಾನಕ್ಕೂ ಒಂದು ವ್ಯತ್ಯಾಸವಿದೆ. ಪಾರ್ಕು ಇರುವುದು ಕೂರಲಿಕ್ಕೆ, ಓಡಾಡಲಿಕ್ಕೆ. ಸಸ್ಯೋದ್ಯಾನ ಇರುವುದು ಕಲಿಯಲಿಕ್ಕೆ. ಎಲ್ಲಿಂದಲೋ ಒಂದು ಬೀಜ ತರುತ್ತಾರೆ. ಈ ಮಣ್ಣಿಗೆ, ಈ ಮಳೆಗೆ ಅದು ಬದುಕುತ್ತದೆಯೋ ನೋಡುತ್ತಾರೆ. ಬದುಕಿದರೆ ಹೆಸರು, ಕುಲ, ತವರು ಬರೆದಿಡುತ್ತಾರೆ. ಉಪಯೋಗದ್ದಾದರೆ ಸಸಿ ಮಾಡಿ ಹಂಚುತ್ತಾರೆ. ನಮ್ಮ ಹಿತ್ತಲಿನ ಎಷ್ಟೋ ಗಿಡಗಳು ಹೀಗೆ ಯಾವುದೋ ಉದ್ಯಾನದ ಬಾಗಿಲು ಹಾಯ್ದು ಬಂದವೇ.

ಲಾಲ್‌ಬಾಗನ್ನು 1760ರಲ್ಲಿ ಶುರುಮಾಡಿದವನು ಹೈದರಾಲಿ. ಅವನ ಮಗ ಟಿಪ್ಪು ಸುಲ್ತಾನ್ ದೂರದ ದೇಶಗಳಿಂದ ಬೀಜ, ಸಸಿ ತರಿಸಿ ಅದನ್ನು ಬೆಳೆಸಿದ. 1856ರಲ್ಲಿ ಅದು ಸರಕಾರಿ ಸಸ್ಯೋದ್ಯಾನವಾಯಿತು. ಈಗ ಅದರ ವಿಸ್ತಾರ 240 ಎಕರೆ. ಇಷ್ಟೊಂದು ದೇಶಗಳ ಮರಗಳು ಇಲ್ಲಿ ಒಟ್ಟಿಗೆ ಬದುಕಲು ಬೆಂಗಳೂರಿನ ಹವೆಯೇ ಕಾರಣ. ಉಷ್ಣವಲಯದ ಊರಾದರೂ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅತಿ ಸೆಕೆಯೂ ಇಲ್ಲ, ಹೆಪ್ಪುಗಟ್ಟಿಸುವ ಚಳಿಯೂ ಇಲ್ಲ.

ಮೊದಲು ಕಂಡದ್ದು ನಾಗಲಿಂಗದ ಮರ. ಇದರ ಹೂವು ಟೊಂಗೆಯ ತುದಿಯಲ್ಲಿ ಬಿಡುವುದಿಲ್ಲ, ಬೊಡ್ಡೆಯಿಂದಲೇ ಜಡೆಯಂತೆ ಇಳಿದ ಕಡ್ಡಿಗಳಲ್ಲಿ ಅರಳುತ್ತದೆ. ಕೆಳಗೆ ಬಿದ್ದಿದ್ದ ಒಂದು ಹೂವನ್ನು ಎತ್ತಿ ತೋರಿಸಿದೆ. ನಡುವೆ ಪುಟ್ಟ ಲಿಂಗದಂಥ ಗುಬುಟು, ಅದರ ಮೇಲೆ ಹೆಡೆ ಬಿಚ್ಚಿದ ಹಾವಿನಂತೆ ಬಾಗಿದ ಕೇಸರ. ನಮ್ಮ ಕಡೆ ಶಿವನ ಪೂಜೆಗೆ ಇದಕ್ಕಿಂತ ದೊಡ್ಡ ಹೂವಿಲ್ಲ.

"ಇದು ನಮ್ಮದೇ. ಇದರ ಹೆಸರೇ ಸಂಸ್ಕೃತ" ಎಂದು ಮೊಮ್ಮಗಳು ತೀರ್ಮಾನ ಕೊಟ್ಟಳು.

ಇಲ್ಲ. ಇದರ ತವರು ದಕ್ಷಿಣ ಅಮೆರಿಕದ ಕಾಡುಗಳು. ತೋಪಿನ ಗುಂಡಿನಂತೆ ದುಂಡಗಿರುವ ಕಾಯಿ ನೋಡಿ ಇಂಗ್ಲಿಷಿನವರು ಅದಕ್ಕೆ ಗುಂಡಿನ ಮರ ಎಂದು ಹೆಸರಿಟ್ಟರು. ಅದೇ ಮರದ ಹೂವಿನಲ್ಲಿ ನಾವು ಲಿಂಗ ಕಂಡೆವು. ಆಚೆ ದಾರಿಯಲ್ಲಿ ಬೆಂಕಿ ಹಚ್ಚಿದಂತೆ ಅರಳಿ ನಿಂತಿದ್ದ ಗುಲ್‌ಮೊಹರ್ ಆಫ್ರಿಕದ ಪಕ್ಕದ ಮಡಗಾಸ್ಕರ್ ದ್ವೀಪದ್ದು. ಬೇರುಗಳು ಗೋಡೆಯಂತೆ ಎದ್ದು ನಿಂತಿರುವ ಲಾಲ್‌ಬಾಗಿನ ಹಳೆಯ ಬಿಳಿ ಬೂರುಗದ ವಂಶವೂ ನಮ್ಮ ನೆಲದ್ದಲ್ಲ. ನಮ್ಮ ಬೆಟ್ಟದಲ್ಲಿರುವುದು ಕೆಂಪು ಹೂವಿನ ಬೂರುಗ. ಆ ಬೇರಿನ ಗೋಡೆಯ ಪಕ್ಕ ನಿಂತಾಗ ಮಾಣಿ ನಮ್ಮನೆ ಕೊಟ್ಟಿಗೆಯ ಅಗಳಿಗಿಂತಲೂ ಚಿಕ್ಕವನಾಗಿ ಕಂಡ.

ವಾಲುವ ಮರ

ಗಾಜಿನ ಮನೆಯ ಹತ್ತಿರ ಬಂದೆವು. ಅದರ ಅಡಿಗಲ್ಲು ಇಟ್ಟದ್ದು 1889ರ ನವೆಂಬರ್ 30ರಂದು. ಆಗ ಉದ್ಯಾನದ ಮೇಲ್ವಿಚಾರಕರಾಗಿದ್ದವರು ಜಾನ್ ಕ್ಯಾಮರಾನ್. ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಮಾದರಿಯ ಈ ಮನೆಗೆ ಬೇಕಾದ ಎರಕದ ಕಬ್ಬಿಣ ಸ್ಕಾಟ್‌ಲೆಂಡಿನ ಗ್ಲಾಸ್ಗೋದಿಂದ ಬಂತು. ಈಗ ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಹೊತ್ತಿಗೆ ಫಲಪುಷ್ಪ ಪ್ರದರ್ಶನ ನಡೆಯುವುದು ಇಲ್ಲೇ.

ಮಾಣಿಗೆ ಗಾಜಿನ ಮನೆಗಿಂತ ಹಿಡಿಸಿದ್ದು ಆಕಾಶಕ್ಕೆ ಏಣಿ ಹಾಕಿದಂತಿದ್ದ ಒಂದು ಮರ. ಎಲ್ಲರೂ ಕ್ರಿಸ್‌ಮಸ್ ಮರ ಎಂದು ಕರೆಯುವ ಅರಕೇರಿಯ. ಅದರಲ್ಲಿ ಕುಕ್ ಪೈನ್ ಎಂಬ ಜಾತಿಯ ತವರು ಆಸ್ಟ್ರೇಲಿಯದ ಆಚೆ ಶಾಂತಸಾಗರದಲ್ಲಿರುವ ನ್ಯೂ ಕ್ಯಾಲೆಡೋನಿಯ ದ್ವೀಪ. ಅದರ ಬಗ್ಗೆ ನಾನು ಓದಿದ್ದ ಒಂದು ಸೋಜಿಗವನ್ನು ಮಕ್ಕಳಿಗೆ ಹೇಳಿದೆ. ಬೇರೆ ಬೇರೆ ದೇಶಗಳಲ್ಲಿ ನೆಟ್ಟ ಕುಕ್ ಪೈನ್‌ಗಳನ್ನು ಅಳೆದು ವಿಜ್ಞಾನಿಗಳು 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆ ಮರಗಳು ಸಾಮಾನ್ಯವಾಗಿ ಭೂಮಧ್ಯರೇಖೆಯ ಕಡೆಗೇ ಸ್ವಲ್ಪ ವಾಲಿಕೊಂಡು ಬೆಳೆಯುತ್ತವಂತೆ. ಉತ್ತರಾರ್ಧಗೋಳದಲ್ಲಿ ನೆಟ್ಟರೆ ದಕ್ಷಿಣಕ್ಕೆ, ದಕ್ಷಿಣಾರ್ಧದಲ್ಲಿ ನೆಟ್ಟರೆ ಉತ್ತರಕ್ಕೆ.

ಮಾಣಿ ಮರವನ್ನೊಮ್ಮೆ ನೋಡಿದ, ಕೋಲೂರಿ ನಿಂತಿದ್ದ ನನ್ನನ್ನೊಮ್ಮೆ ನೋಡಿದ. "ಅಜ್ಜ ಶಿರಸಿ ಕಡೆ ವಾಲಿದ್ದಾನೆ!" ಎಂದು ಕೂಗಿದ.

ಅಕ್ಕ ನಕ್ಕಳು. ನಾನೂ ನಕ್ಕೆ. ಆದರೆ ಮಗನಿಗೆ ಕೊಡಬೇಕಾದ ಉತ್ತರ ಮತ್ತೆ ನೆನಪಾಯಿತು.

ಐದು ಒಳಗಿನವು, ಐದು ಹೊರಗಿನವು

ನೆರಳಿನ ಕಲ್ಲುಬೆಂಚು ಹಿಡಿದು ಕೂತು, ಡಬ್ಬಿಯಲ್ಲಿದ್ದ ಅವಲಕ್ಕಿ ತಿನ್ನುತ್ತ ಪಟ್ಟಿ ಬಿಚ್ಚಿದೆವು. ಹಲಗೆಗಳಿಂದ ತಿಳಿದದ್ದು ಸ್ವಲ್ಪ, ನಾನು ಓದಿ ಬಲ್ಲದ್ದು ಸ್ವಲ್ಪ ಸೇರಿಸಿ ತುಂಬತೊಡಗಿದಳು.

ಕಾಳುಮೆಣಸು, ಏಲಕ್ಕಿ, ಹಲಸು, ಮುರುಗಲು ಇವು ನಾಲ್ಕೂ ನಮ್ಮ ಪಶ್ಚಿಮ ಘಟ್ಟದವು. ಅಪ್ಪೆಮಿಡಿಯೂ ನಮ್ಮದೇ, ನಮ್ಮ ಹೊಳೆಹಳ್ಳಗಳ ದಂಡೆಯಲ್ಲಿ ತಾನಾಗಿ ಬೆಳೆದ ಮಾವು. ಈ ಮೆಣಸಿಗಾಗಿಯೇ ಪೋರ್ಚುಗೀಸರು ಸಮುದ್ರ ಸುತ್ತಿ ಬಂದರು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಅವರು 'ಮೆಣಸಿನ ರಾಣಿ' ಎಂದೇ ಕರೆದರು. ಬಂದವರು ಬರಿಗೈಲಿ ಬರಲಿಲ್ಲ. ಅಮೆರಿಕದಿಂದ ಮೆಣಸಿನಕಾಯಿ ತಂದರು. ನಾವು ಅದರ ಖಾರ ನೋಡಿ ನಮ್ಮ ಮೆಣಸಿನ ಹೆಸರನ್ನೇ ಅದಕ್ಕೂ ಇಟ್ಟೆವು. ನಮ್ಮ ಕಾಳು ಒಯ್ದು ಅವರ ಕಾಯಿ ಕೊಟ್ಟುಹೋದರು ಎನ್ನಬಹುದು.

ಗೇರು ಬಂದದ್ದೂ ಅವರ ಹಡಗಿನಲ್ಲೇ, ಬ್ರೆಜಿಲಿನಿಂದ. ಪೇರಲೆಯೂ ಅಮೆರಿಕದ ಉಷ್ಣವಲಯದ್ದು. ಸೀಮೆಬದನೆಯ ತವರು ಮೆಕ್ಸಿಕೋ ಮತ್ತು ಅದರ ನೆರೆಯ ದೇಶಗಳು. ಅದನ್ನು ಈ ಕಡೆ ತಂದು ಬೆಳೆಸಿದ ಶ್ರೇಯಸ್ಸು ಗಾಜಿನ ಮನೆಯ ಕಾಲದ ಅದೇ ಕ್ಯಾಮರಾನ್ ಸಾಹೇಬರದು ಎನ್ನುತ್ತಾರೆ. ತಮಿಳರು ಈಗಲೂ ಅದನ್ನು ಬೆಂಗಳೂರು ಬದನೆ ಎಂದೇ ಕರೆಯುತ್ತಾರೆ. ನಮ್ಮ ಬಾವಿಕಟ್ಟೆಯ ಚಪ್ಪರದಲ್ಲಿ ಜೋತಾಡುವ ಸೀಮೆಬದನೆಗೆ ಒಂದು ಕಾಲದಲ್ಲಿ ಬೆಂಗಳೂರಿನ ವಿಳಾಸವಿತ್ತು ಎಂದು ತಿಳಿದು ಮೊಮ್ಮಗಳಿಗೆ ಸೋಜಿಗ.

ವೆನಿಲ್ಲಾದ ಕಥೆ ಇಬ್ಬರಿಗೂ ಇನ್ನೂ ಹಿಡಿಸಿತು. ಅದು ಮೆಕ್ಸಿಕೋದ ಬಳ್ಳಿ. ಅಲ್ಲಿಯ ಕಾಡಿನಲ್ಲಿ ಅದರ ಹೂವಿಗೆ ಪರಾಗ ಮುಟ್ಟಿಸುವ ಜೇನುಹುಳುಗಳಿವೆ. ಬೇರೆ ದೇಶಕ್ಕೆ ಒಯ್ದಾಗ ಬಳ್ಳಿ ಹಬ್ಬಿತು, ಹೂವೂ ಬಿಟ್ಟಿತು, ಕಾಯಿ ಮಾತ್ರ ಕಟ್ಟಲಿಲ್ಲ. ಪಂಡಿತರೆಲ್ಲ ತಲೆ ಕೆಡಿಸಿಕೊಂಡಿದ್ದ ಈ ಗಂಟನ್ನು 1841ರಲ್ಲಿ ಬಿಚ್ಚಿದವನು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್. ಆಗ ಅವನಿಗೆ ಹನ್ನೆರಡು ವರ್ಷ. ಗುಲಾಮನಾಗಿ ಹುಟ್ಟಿದ ಹುಡುಗ. ಸಣ್ಣ ಕಡ್ಡಿಯಿಂದ ಹೂವಿನೊಳಗಿನ ಪೊರೆ ಎತ್ತಿ, ಹೆಬ್ಬೆರಳಿನಿಂದ ಪರಾಗವನ್ನು ಒತ್ತಿದ. ಕಾಯಿ ಕಟ್ಟಿತು. ಇಂದಿಗೂ ವೆನಿಲ್ಲಾ ತೋಟಗಳಲ್ಲಿ ಹೀಗೆಯೇ ಮಾಡುತ್ತಾರೆ.

"ನಿಮ್ಮ ಅಮ್ಮಮ್ಮನೂ ಹಾಗೇ ಮಾಡ್ತಿದ್ದಳು" ಎಂದೆ. ವೆನಿಲ್ಲಾ ಹೂವು ಒಂದೇ ಬೆಳಗು ಅರಳಿರುತ್ತದೆ. ಮಧ್ಯಾಹ್ನವಾದರೆ ಮುಗಿಯಿತು. ಅವಳು ದೋಸೆ ಹಿಟ್ಟನ್ನು ಹಾಗೇ ಬಿಟ್ಟು, ಮುಡಿಗೆ ಒಂದು ಕಡ್ಡಿ ಸಿಕ್ಕಿಸಿಕೊಂಡು ತೋಟಕ್ಕೆ ಇಳಿಯುತ್ತಿದ್ದಳು. 2003ರ ಸುಮಾರಿಗೆ ಹಸಿ ಕೋಡಿಗೆ ಕಿಲೋಗೆ ಸಾವಿರಾರು ರೂಪಾಯಿ ಬಂದಾಗ ನಮ್ಮ ಸೀಮೆಯ ಜನ ರಾತ್ರಿ ಬಳ್ಳಿ ಕಾದರು. ಮುಂದೆ ಬೆಲೆ ನೆಲಕ್ಕೆ ಬಿತ್ತು. ಹೆಚ್ಚಿನವರು ಬಳ್ಳಿಯನ್ನು ಮರೆತರು. ಅವಳು ಮಾತ್ರ ಹಲಸಿನ ಬುಡದ ಒಂದು ಬಳ್ಳಿಯನ್ನು ಕೊನೆಯವರೆಗೂ ಬಿಡಲಿಲ್ಲ. "ಹೂವು ಬಿಟ್ಟಮೇಲೆ ಹಾಗೇ ಬಿಡಲಾಗ್ತದಾ?" ಎನ್ನುತ್ತಿದ್ದಳು.

ಈಗ ಪಟ್ಟಿಯಲ್ಲಿ ಐದು ಒಳಗಿನವು, ನಾಲ್ಕು ಹೊರಗಿನವು. ಉಳಿದದ್ದು ಮೊದಲನೆಯ ಸಾಲಿನ ಅಡಿಕೆ.

ನಾನು ಸ್ವಲ್ಪ ತಡೆದೆ. ಅಡಿಕೆಯೆಂದರೆ ನಮಗೆ ಬರೀ ಬೆಳೆಯಲ್ಲ. ನನ್ನ ಓದು, ತಂಗಿಯ ಮದುವೆ, ಮಗನ ಎಂಜಿನಿಯರಿಂಗು ಎಲ್ಲಕ್ಕೂ ದುಡ್ಡು ಬಂದದ್ದು ಆ ಮರದ ತುದಿಯಿಂದ. ಆದರೂ ಇದ್ದದ್ದು ಇದ್ದಹಾಗೆ ಹೇಳಬೇಕಲ್ಲ. "ಅಡಿಕೆಯ ಮೂಲವೂ ಆಗ್ನೇಯ ಏಷ್ಯಾದ ದ್ವೀಪಗಳ ಕಡೆ ಎಂದು ಸಸ್ಯವಿಜ್ಞಾನಿಗಳು ಹೇಳುತ್ತಾರೆ. ಬಹಳ ಬಹಳ ಹಿಂದೆ ಬಂದದ್ದು" ಎಂದೆ.

ಪೆನ್ಸಿಲು ನಿಂತಿತು. "ಅಡಿಕೆಯೂ ನಮ್ಮದಲ್ಲವಾ? ಹಾಗಾದರೆ ಪಟ್ಟಿಯಿಂದ ಹೊಡೆದುಹಾಕಲಾ?"

ನಾನು ಉತ್ತರ ಹುಡುಕುತ್ತಿರುವಾಗಲೇ ಅವಳ ಮನಸ್ಸಿನಲ್ಲಿದ್ದ ಇನ್ನೊಂದು ಪ್ರಶ್ನೆ ಹೊರಬಿತ್ತು. "ಅಜ್ಜ, ಶಾಲೆಯಲ್ಲಿ ನಿನ್ನ ಊರು ಯಾವುದು ಅಂತ ಕೇಳಿದರೆ ನಾನು ಹೆಗಡೆಕಟ್ಟಾ ಅಂತೀನಿ. ಅಲ್ಲಿಗೆ ಬಂದರೆ ಎಲ್ಲರೂ ನನ್ನನ್ನ 'ಬೆಂಗಳೂರು ಕೂಸು' ಅಂತಾರೆ. ಹಾಗಾದರೆ ನನ್ನ ಮೂಲಸ್ಥಳ ಯಾವುದು?"

ಹಿರಿಯರೇ, ಈ ಪ್ರಶ್ನೆ ನಿಮ್ಮ ಮನೆಯಲ್ಲೂ ಎದ್ದಿರಬಹುದು. ರಜೆಗೆ ಬರುವ ಮೊಮ್ಮಕ್ಕಳನ್ನು ನಾವು ಪ್ರೀತಿಯಿಂದಲೇ ಹಾಗೆ ಕರೆಯುತ್ತೇವೆ. ಅದು ಅವರ ಕಿವಿಗೆ ಹೇಗೆ ಕೇಳಿಸುತ್ತದೆ ಎಂದು ನಾನಂತೂ ಯೋಚಿಸಿರಲಿಲ್ಲ.

ಎಲ್ಲರಿಗಿಂತ ಹಳಬ

"ಬನ್ನಿ, ಲಾಲ್‌ಬಾಗಿನ ನಿಜವಾದ ಹಳೇ ನಿವಾಸಿಯನ್ನು ತೋರಿಸುತ್ತೇನೆ" ಎಂದು ಇಬ್ಬರನ್ನೂ ಬಂಡೆಯ ಕಡೆ ಕರೆದುಕೊಂಡು ಹೋದೆ. ಮೇಲೆ ಕೆಂಪೇಗೌಡರ ಗೋಪುರವಿರುವ ಆ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಸಾರಿದೆ. ಆ ಕಲ್ಲು ಹುಟ್ಟಿದಾಗ ಭೂಮಿಯ ಮೇಲೆ ಮರವೂ ಇರಲಿಲ್ಲ, ಹುಲ್ಲೂ ಇರಲಿಲ್ಲ. ನನ್ನ ಮಂಡಿಗೆ ಅದನ್ನು ಹತ್ತುವ ಧೈರ್ಯವಿರಲಿಲ್ಲ. ಬುಡದಲ್ಲೇ ಕೂತೆ. ಮಕ್ಕಳು ಹತ್ತಿ, ಜಾರಿ, ಮತ್ತೆ ಹತ್ತಿ ಬಂದರು.

"ಈ ಬಂಡೆಯನ್ನು ಕೇಳಿದರೆ ಮಾವೂ ಹೊಸಬ, ಹಲಸೂ ಹೊಸಬ, ನಾನೂ ಹೊಸಬ. ಬಂದವರಲ್ಲಿ ಯಾರು ಮೊದಲು ಎಂದು ಎಣಿಸುತ್ತ ಹೋದರೆ ಕೊನೆಗೆ ಕಲ್ಲೊಂದೇ ಉಳಿಯುತ್ತದೆ" ಎಂದೆ.

ಮತ್ತೆ ಅಡಿಕೆಯ ವಿಷಯಕ್ಕೆ ಬಂದೆ. ಅಡಿಕೆಗೆ ಜಗತ್ತಿನ ವಿಜ್ಞಾನಿಗಳೆಲ್ಲ ಬಳಸುವ ಹೆಸರು 'ಅರೆಕ'. 1753ರಲ್ಲಿ ಲಿನೇಯಸ್ ಎಂಬ ಸ್ವೀಡನ್ನಿನ ವಿಜ್ಞಾನಿ ತನ್ನ ಪುಸ್ತಕದಲ್ಲಿ ಆ ಹೆಸರು ಬರೆದ. ಆ ಪದ ಪೋರ್ಚುಗೀಸರ ಬಾಯಿಗೆ ಹೋದದ್ದು ಮಲಯಾಳದ 'ಅಡಕ್ಕ'ದಿಂದ, ಅಂದರೆ ನಮ್ಮ 'ಅಡಿಕೆ'ಯ ಒಡಹುಟ್ಟಿನಿಂದ. ಮರ ಹೊರಗಿನಿಂದ ಬಂದಿರಬಹುದು. ಜಗತ್ತು ಅದನ್ನು ಗುರುತಿಸುವುದು ನಮ್ಮ ಕಡೆಯ ಮಾತಿನಿಂದ. ಅದಕ್ಕೆ ಸೊಪ್ಪು ಹಾಕಿದವರು, ಬಸಿಗಾಲುವೆ ತೋಡಿದವರು, ಕೊಳೆರೋಗಕ್ಕೆ ಔಷಧಿ ಹೊಡೆದವರು ನಮ್ಮ ಹಿರಿಯರು.

ಮನುಷ್ಯರಲ್ಲೂ ಹಾಗೆ. ಕ್ಯಾಮರಾನ್ ನಂತರ 1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಕೃಂಬಿಗಲ್ ಜರ್ಮನಿಯವರು. ಬೆಂಗಳೂರಿನ ಬೀದಿಗಳಲ್ಲಿ ಒಂದು ಮರದ ಹೂವು ಮುಗಿಯುವಾಗ ಇನ್ನೊಂದು ಅರಳುವಂತೆ, ವರ್ಷವಿಡೀ ಬಣ್ಣವಿರುವಂತೆ ಮರ ನೆಡಿಸಿದವರು ಅವರು ಎಂದು ಜನ ಈಗಲೂ ನೆನೆಯುತ್ತಾರೆ. 1956ರಲ್ಲಿ ತೀರಿಕೊಂಡದ್ದೂ ಇದೇ ಬೆಂಗಳೂರಿನಲ್ಲಿ. ಲಾಲ್‌ಬಾಗಿನ ಪಕ್ಕದ ರಸ್ತೆಗೆ ಅವರ ಹೆಸರಿದೆ.

"ಹಾಗಂತ ಬಂದವರೆಲ್ಲ ಒಳ್ಳೆಯವರಾ?" ಮೊಮ್ಮಗಳು ಸುಮ್ಮನೆ ಬಿಡುವವಳಲ್ಲ.

ಅಲ್ಲ. ನಮ್ಮ ಬೆಟ್ಟದ ತುಂಬ ಹಬ್ಬಿರುವ ಲಂಟಾನವೂ ಅಮೆರಿಕದಿಂದ ಬಂದ ಹೂಗಿಡವೇ. ಚೆಂದ ಕಾಣುತ್ತದೆ ಎಂದು ಹತ್ತೊಂಬತ್ತನೇ ಶತಮಾನದ ಮೊದಲಿಗೆ ಕಲ್ಕತ್ತದ ಸಸ್ಯೋದ್ಯಾನಕ್ಕೆ ತಂದರು. ಅದು ಬೇಲಿ ಹಾರಿತು. ಈಗ ಅದರ ಅಡಿಯಲ್ಲಿ ಬೇರೆ ಸಸಿ ಏಳಲು ಜಾಗವಿಲ್ಲ. ಬಂದ ನೆಂಟ ಮನೆಯವರ ಜೊತೆ ಉಂಡರೆ ಸರಿ, ಮನೆಯವರನ್ನೇ ಹೊರಗೆ ಹಾಕಿದರೆ ಕಷ್ಟ. ಎಲ್ಲಿಂದ ಬಂದೆ ಎನ್ನುವುದಕ್ಕಿಂತ ಬಂದಮೇಲೆ ಹೇಗಿದ್ದೀಯ ಎನ್ನುವುದೇ ದೊಡ್ಡ ಪ್ರಶ್ನೆ.

"ನೀನು ಎರಡು ಊರಿನವಳು. ಸೀಮೆಬದನೆಯ ಹಾಗೆ" ಎಂದೆ. ಅವಳಿಗೆ ಹೋಲಿಕೆ ಅಷ್ಟು ಹಿಡಿಸಲಿಲ್ಲ. "ನಾಗಲಿಂಗದ ಹಾಗೆ ಅನ್ನು" ಎಂದಳು. ಆಗಲಿ ಎಂದೆ. ಅಡಿಕೆ ಪಟ್ಟಿಯಲ್ಲೇ ಉಳಿಯಿತು.

ಹನ್ನೊಂದನೆಯ ಮರ

ಪಟ್ಟಿ ಮುಗಿಯಿತು ಎಂದು ಅವಳು ಪುಸ್ತಕ ಮುಚ್ಚುವಾಗ ನಾನೇ ತಡೆದೆ. "ಇನ್ನೊಂದು ಬರೆದುಕೊ. ಈ ಮರ ಲಾಲ್‌ಬಾಗಿನಲ್ಲಿ ಸಿಗುವುದಿಲ್ಲ. ಅಮೆರಿಕದಲ್ಲೂ ಇಲ್ಲ."

ನಮ್ಮ ನೆರೆಯ ಸಿದ್ದಾಪುರ ತಾಲೂಕಿನಲ್ಲಿ, ಹೊನ್ನಾವರದ ದಾರಿಯಲ್ಲಿ ಕತ್ತಲೆಕಾನು ಎಂಬ ಕಾಡಿದೆ. ಹೆಸರೇ ಹೇಳುವಂತೆ ಹಗಲಲ್ಲೂ ಕತ್ತಲು. ಅಲ್ಲಿ ರಾಮಪತ್ರೆ ಜಡ್ಡಿಗಳಿವೆ. ಜಡ್ಡಿ ಎಂದರೆ ಸದಾ ನೀರು ಒಸರುವ ಕೆಸರು ನೆಲ. ಅಲ್ಲಿಯ ಮರಗಳ ಬೇರುಗಳು ಉಸಿರಾಡಲು ಕೆಸರಿನಿಂದ ಮೇಲೆದ್ದು, ಮಂಡಿ ಮಡಚಿದಂತೆ ಮತ್ತೆ ಕೆಳಗಿಳಿಯುತ್ತವೆ. ಕೆಲವು ಮರಗಳು ಊರುಗೋಲುಗಳ ಮೇಲೆ ನಿಂತಂತೆ ಕಾಣುತ್ತವೆ. ಸಿಂಗಳೀಕಗಳು ಓಡಾಡುವ ಕಾಡು ಅದು.

ಅಂಥ ಜಡ್ಡಿಯಲ್ಲಿ ಸಸ್ಯವಿಜ್ಞಾನಿಗಳು ಅದುವರೆಗೆ ಯಾವ ಪುಸ್ತಕದಲ್ಲೂ ಇಲ್ಲದ ಒಂದು ಮರವನ್ನು ಗುರುತಿಸಿದರು. 2000ದಲ್ಲಿ ಅದಕ್ಕೆ ಹೆಸರು ಕೊಟ್ಟರು: 'ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್'. ಕತ್ತಲೆಕಾನಿನ ಮರ ಎಂದೇ ಅದರ ಅರ್ಥ. ಮಾವು, ಗೇರು, ಇದು ಮೂರೂ ಒಂದೇ ಕುಟುಂಬದವು. ಮಾವು ಜಗತ್ತು ಸುತ್ತಿತು. ಗೇರು ಸಮುದ್ರ ದಾಟಿ ನಮ್ಮಲ್ಲಿಗೆ ಬಂತು. ಈ ಮೂರನೆಯದು ಮಾತ್ರ ತನ್ನ ಕೆಸರು ಬಿಟ್ಟು ಕದಲಲಿಲ್ಲ. ಉಳಿದಿರುವ ಮರಗಳು ಬಹಳ ಕಡಿಮೆ. ಶಿರಸಿಯ ಅರಣ್ಯ ಮಹಾವಿದ್ಯಾಲಯದವರು ಅದರ ಸಸಿ ಬೆಳೆಸಿ ಜಡ್ಡಿಗಳಲ್ಲಿ ನೆಡುವ ಕೆಲಸ ಮಾಡಿದ್ದಾರೆ.

"ಒಂದು ಸಸಿ ಇಲ್ಲಿ ತಂದು ನೆಟ್ಟರೆ ಆಯಿತಲ್ಲ?" ಎಂದ ಮಾಣಿ.

ಅದಕ್ಕೆ ಬೇಕಾದದ್ದು ಬರೀ ಮಣ್ಣಲ್ಲ. ಬೆಂಗಳೂರಿನಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 1000 ಮಿಲಿಮೀಟರ್ ಮಳೆ. ನಮ್ಮ ಶಿರಸಿಯಲ್ಲೇ ಅದರ ಎರಡು ಪಟ್ಟಿಗಿಂತ ಹೆಚ್ಚು. ಆ ಮಳೆ, ಬೇಸಿಗೆಯಲ್ಲೂ ಆರದ ಆ ಒಸರು, ತಲೆಯ ಮೇಲಿನ ಆ ಕತ್ತಲು, ಬೀಜ ಒಯ್ಯುವ ಪ್ರಾಣಿಗಳು, ಎಲ್ಲ ಸೇರಿ ಆ ಮರ. ಗುಲ್‌ಮೊಹರ್ ಇಲ್ಲಿ ಒಣಗಿದರೆ ಬೇರೆ ಕಡೆಯಿಂದ ಬೀಜ ತರಬಹುದು. ನಮ್ಮ ಜಡ್ಡಿ ಒಣಗಿದರೆ ಅದನ್ನು ಮತ್ತೆ ತರಲು ಇನ್ನೊಂದು ಊರಿಲ್ಲ. ಉದ್ಯಾನದಲ್ಲಿ ಕಾಪಾಡಬಹುದಾದ ಗಿಡಗಳಿವೆ, ಇದ್ದಲ್ಲೇ ಕಾಪಾಡಬೇಕಾದ ಗಿಡಗಳೂ ಇವೆ.

"ನೀನು ಅದನ್ನ ನೋಡಿದ್ದೀಯಾ ಅಜ್ಜ?"

ನಾಚಿಕೆಯಾಯಿತು. ಹೊನ್ನಾವರಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಆ ಕಾನನ್ನು ಎಷ್ಟೋ ಸಲ ನೋಡಿದ್ದೇನೆ. ಒಂದು ಸಲವೂ ಇಳಿದಿಲ್ಲ. ಬೆಂಗಳೂರಿನ ಲಾಲ್‌ಬಾಗಿಗೆ ಬಂದು ಬ್ರೆಜಿಲಿನ ಮರದ ಹೆಸರು ಹೇಳಬಲ್ಲೆ. ನಮ್ಮ ಪಕ್ಕದ ತಾಲೂಕಿನ ಮರವನ್ನು ಕಣ್ಣಾರೆ ಕಂಡಿಲ್ಲ. ಅದನ್ನೇ ಹೇಳಿದೆ.

"ಹಾಗಾದರೆ ದಸರಾ ರಜೆಯಲ್ಲಿ ಮೂವರೂ ಹೋಗೋಣ" ಎಂದಳು. ಪಟ್ಟಿಯ ಕೆಳಗೆ ಹನ್ನೊಂದನೆಯದನ್ನು ಬರೆದು, ಮೂಲಸ್ಥಳದ ಅಂಕಣದಲ್ಲಿ ದೊಡ್ಡದಾಗಿ 'ಕತ್ತಲೆಕಾನು' ಎಂದು ತುಂಬಿದಳು. ಉಪಯೋಗದ ಅಂಕಣದಲ್ಲಿ ಏನು ಬರೆಯಲಿ ಎಂದು ಕೇಳಿದಳು. ಸ್ವಲ್ಪ ಯೋಚಿಸಿ ತಾನೇ ಬರೆದಳು: 'ಇದೆ, ಅಷ್ಟೇ ಸಾಕು.'

ಮಗನಿಗೆ ಕೊಟ್ಟ ಉತ್ತರ

ಸಂಜೆ ಮನೆಗೆ ಬಂದಾಗ ಮಗ ಬಾಗಿಲಲ್ಲೇ ಇದ್ದ. ನಾನು ಬಾಯಿ ತೆರೆಯುವ ಮೊದಲೇ ಮಾಣಿ ವರದಿ ಒಪ್ಪಿಸಿದ: "ಅಪ್ಪಾ, ಅಜ್ಜ ವಾಲಿದ್ದಾನೆ. ಶಿರಸಿ ಕಡೆ."

ಮಗ ನಗಲಿಲ್ಲ. ಅವನ ಭಯ ನನಗೂ ಗೊತ್ತು. ಇಬ್ಬರೂ ಕೂತು ಮಾತಾಡಿದೆವು. ಮೇ ಮುಗಿಯಿತು, ದೊಡ್ಡ ಮಳೆ ಹಿಡಿಯುವ ಮೊದಲು ಅಡಿಕೆ ಗೊನೆಗೆ ಕೊಳೆ ಔಷಧಿ ಹೊಡೆಸಬೇಕು. ಅದನ್ನು ಫೋನಿನಲ್ಲಿ ಮಾಡಿಸಲು ಬರುವುದಿಲ್ಲ. ಆದರೆ ಒಬ್ಬನೇ ಇರುವ ಹಟವನ್ನು ನಾನೂ ಬಿಟ್ಟೆ. ಈ ಮಳೆಗಾಲ ರಾತ್ರಿ ತಮ್ಮನ ಮನೆಯಲ್ಲೇ ಮಲಗುವುದು. ಅಂಗಳಕ್ಕೆ ಜಾರದಂತೆ ಅಡಿಕೆ ದಬ್ಬೆ ಹಾಸಿಸುವುದು. ದಿನಕ್ಕೆರಡು ಸಲ ತಮ್ಮನ ಮನೆಯ ಫೋನಿನಿಂದ ಸುದ್ದಿ ಹೇಳುವುದು. ದಸರೆಗೆ ಮಕ್ಕಳು ಬರುವುದು. ಇನ್ನೆಷ್ಟು ಮಳೆಗಾಲ ಹೀಗೆ ನಡೆಯುತ್ತದೆ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮಂಡಿ ಪೂರ್ತಿ ಸೋತ ದಿನ ಬಾ ಎಂದರೆ ಬರುತ್ತೇನೆ ಎಂದಷ್ಟೇ ಮಾತು ಕೊಟ್ಟೆ. ಬಂದರೆ ವಾರಕ್ಕೊಮ್ಮೆ ಕೂರಲು ಲಾಲ್‌ಬಾಗಿನ ಆ ಕಲ್ಲುಬೆಂಚು ಇದೆ.

ಅದೇ ರಾತ್ರಿ ಶಿರಸಿ ಬಸ್ಸು ಹತ್ತಿದೆ. ಎರಡು ದಿನದ ಮೇಲೆ ಮೊಮ್ಮಗಳು ಫೋನು ಮಾಡಿದಳು. ಹತ್ತು ಕೇಳಿದರೆ ಹನ್ನೊಂದು ಯಾಕೆ ಎಂದು ಟೀಚರ್ ಕೇಳಿದರಂತೆ. ಇವಳು ಎದ್ದು ನಿಂತು ಕತ್ತಲೆಕಾನಿನ ಕಥೆಯನ್ನು ಇಡೀ ಕ್ಲಾಸಿಗೆ ಹೇಳಿದಳಂತೆ. "ಅದು ಎಲ್ಲಿದೆ ಅಂತ ಕೇಳಿದರು ಅಜ್ಜ. 'ನಮ್ಮ ಊರ ಹತ್ತಿರ' ಅಂದೆ."

ಮಕ್ಕಳೇ, ನೀವೂ ಒಂದು ಪಟ್ಟಿ ಮಾಡಿ. ನಿಮ್ಮ ಮನೆಯ ಸುತ್ತಲಿನ ಹತ್ತು ಗಿಡಗಳ ಹೆಸರು ಬರೆಯಿರಿ. ಅಜ್ಜನನ್ನೋ ಅಮ್ಮಮ್ಮನನ್ನೋ ಕೂರಿಸಿಕೊಂಡು ಯಾವುದನ್ನು ಯಾರು ನೆಟ್ಟರು, ಎಲ್ಲಿಂದ ತಂದರು ಎಂದು ಕೇಳಿ. ಹತ್ತಿರದಲ್ಲಿ ಸಸ್ಯೋದ್ಯಾನವಿದ್ದರೆ ಹಲಗೆಗಳನ್ನು ಓದಿ. ಕೊನೆಗೆ ಹನ್ನೊಂದನೆಯ ಸಾಲನ್ನು ಖಾಲಿ ಬಿಡಿ. ನಿಮ್ಮ ಊರಿನಲ್ಲಿ ಮಾತ್ರ ಇರುವ ಮರ ಯಾವುದು ಎಂದು ಹುಡುಕಿ ತುಂಬಿ. ಕಂಡರೆ ಕೀಳಬೇಡಿ, ನೋಡಿ ಬನ್ನಿ.

ನಾವು ಮೂವರೂ ನಮ್ಮದನ್ನು ದಸರೆಗೆ ನೋಡಲಿದ್ದೇವೆ.